ಬಲತೊಡೆಯ ಜೋಮು

ಹಂಸಳಿಗೆ ಸಾಕುಸಾಕಾಗಿ ಹೋಗಿತ್ತು. ಗಂಡ ಕೇದಾರ್ ಬ್ಯಾಂಕಿನಿಂದ ನಿವೃತ್ತರಾಗಿ ಚನ್ನರಾಯಪಟ್ಟಣದ ಮನೆಯ ಸೋಫಾದಲ್ಲಿ ಪ್ರತಿಷ್ಠಾಪನೆಗೊಂಡು ಆರು ತಿಂಗಳಾಗಿತ್ತು. ಬಿ.ಪಿ. ಮಾತ್ರೆ ಶುರುವಾಗಿಯೂ ಅಷ್ಟೇ ದಿನ. (ನ್ಯಾಯವಾಗಿ ಬಿ.ಪಿ. ಬರಬೇಕಾಗಿದ್ದದ್ದು ಅವಳಿಗೆ.) ಈಗ ಹೊಸ ರಗಳೆಯೊಂದು ಅಂಟಿಕೊಂಡಿತ್ತು.

"ಬಲತೊಡೆ ಜೋಮು ಹಿಡಿದಿದೆ ಕಣೇ. ಗಿಲ್ಲಿದರೂ ಗೊತ್ತಾಗಲ್ಲ."

"ಎಲ್ಲಿ, ನಾನು ಗಿಲ್ತೀನಿ ತಾಳಿ."

"ಬೇಡ ಬೇಡ!"

ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನು ಕೇದಾರ್ ಭೂತಗನ್ನಡಿ ಹಿಡಿದು, ತಾಳೆಗರಿ ಗ್ರಂಥದಂತೆ ಪಾರಾಯಣ ಮಾಡಿದ್ದರು. ಅಡ್ಡ ಪರಿಣಾಮಗಳ ಸಾಲಿನಲ್ಲಿ ಮರಗಟ್ಟುವಿಕೆಯೂ ಇತ್ತು. "ಅಪರೂಪಕ್ಕೆ ಕೆಲವರಿಗೆ ಮಾತ್ರ ಆಗುತ್ತಂತೆ. ಆ ಕೆಲವರಲ್ಲಿ ನಾನೊಬ್ಬ!" ಎಂದರು, ರಾಜ್ಯೋತ್ಸವ ಪ್ರಶಸ್ತಿ ಬಂದವರ ಹಾಗೆ.

"ನೀವು ಮರಗಟ್ಟಿದ್ದು ಮಾತ್ರೆಯಿಂದಲ್ಲ ರೀ. ಮದುವೆಯಾದಾಗಿಂದ್ಲೂ ಹೀಗೇ ಇದ್ದೀರಿ," ಎಂದು ಹಂಸ ಸೊಪ್ಪು ಸೋಸತೊಡಗಿದಳು.

ವಾರದ ಮೇಲೆ ನೋಡಿದರೆ ಮಾತ್ರೆಯ ಹಾಳೆಯಲ್ಲಿ ಒಂದೂ ಖಾಲಿಯಾಗಿರಲಿಲ್ಲ. ಕೇದಾರರ ಅಣ್ಣನೂ ಹೀಗೇ ಹೇಳದೆ ಕೇಳದೆ ಮಾತ್ರೆ ಬಿಟ್ಟು, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗಲೇ ಬಾಯಿ ಸೊಟ್ಟಗಾಗಿ ಹಾಸಿಗೆ ಹಿಡಿದಿದ್ದರು. ಹಂಸಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವಳು ಕೂಗಾಡುತ್ತಾಳೆ.

"ಯಾಕ್ರೀ ಬಿಟ್ರಿ? ಯಾರನ್ನ ಕೇಳಿ ಬಿಟ್ರಿ?"

"ನಮ್ಮೂರು ರುದ್ರಪಟ್ಟಣದ ಸಂಗೀತೋತ್ಸವ ಮುಗೀಲಿ, ಆಮೇಲೆ ತಗೋತೀನಿ. ಅಪ್ಪ ಕೂರ್ತಿದ್ದ ಮುಂದಿನ ಸಾಲಲ್ಲಿ ಕೂತು, ಕಾಲು ಜೋಮು ಹಿಡಿದು ನಡುವೆ ಎದ್ದರೆ ಊರವರು ಏನಂತಾರೆ?"

"ಊರವರಿಗೆ ಆಮೇಲೆ ಹೇಳೋಣ. ಮೊದಲು ಡಾಕ್ಟರ ಹತ್ರ ನಡೀರಿ."

ಡಾಕ್ಟರ್ ಸಿದ್ದೇಶ ಬಾಗೂರಿನ ಕಡೆಯವರು. ತೊಡೆಯನ್ನು ಒತ್ತಿ, ಚುಚ್ಚಿ, ಮಂಡಿಗೆ ಪುಟ್ಟ ಸುತ್ತಿಗೆಯಿಂದ ಬಡಿದು ನೋಡಿದರು. "ಕೆಲವು ಮಾತ್ರೆಗೆ ಹಂಗಾಗೋದೂ ಉಂಟು ಸಾ. ಅನುಮಾನ ಬಂದಿದ್ದು ತಪ್ಪಲ್ಲ. ನಮ್ಮನ್ನ ಕೇಳ್ದೆ ಬಿಟ್ಬುಟ್ರಲ್ಲ, ಅದು ತಪ್ಪು."

ಅಷ್ಟರಲ್ಲಿ ಹೊರಗೆ ಯಾರದೋ ಮೊಬೈಲು ವೀಣೆ ನುಡಿಸಿತು. ಕೇದಾರರ ಬಲಗೈ ತಾನಾಗಿಯೇ ಎದ್ದು ತೊಡೆಯ ಮೇಲೆ ಪಟಪಟನೆ ಬಿತ್ತು. ಡಾಕ್ಟರು ಕತ್ತು ವಾರೆ ಮಾಡಿ ನೋಡಿದರು.

"ದಿನಾ ಎಷ್ಟೊತ್ತು ಹಿಂಗೆ ಬಡ್ಕತೀರಾ ಸಾ?"

"ಬಡ್ಕೊಳ್ಳೋದಲ್ಲ ಡಾಕ್ಟ್ರೇ, ಆದಿತಾಳ!"

"ಬೆಳಗಿನ ಕಾಫಿಯಿಂದ ಶುರುವಾದ್ರೆ ಮಲಗೋವರೆಗೂ ಡಾಕ್ಟ್ರೇ," ಎಂದು ಹಂಸ ಸಾಕ್ಷಿ ನುಡಿದಳು. "ಮೊಬೈಲಲ್ಲಿ ಕಛೇರಿ ಹಾಕ್ಕೊಂಡು ಕೂತ್ಬಿಡ್ತಾರೆ. ಬ್ಯಾಂಕಿದ್ದಾಗ ಸಂಜೆ ಮಾತ್ರ ಇತ್ತು."

"ಸರಿಹೋಯ್ತು. ದಿನವೆಲ್ಲಾ ಒಂದೇ ಜಾಗಕ್ಕೆ ಏಟು ಬಿದ್ರೆ ಅದಾದ್ರೂ ಏನ್ ಮಾಡ್ತದೆ? ಇವತ್ತಿಂದ ಮಾತ್ರೆ ತಗೊಳ್ಳಿ. ತೊಡೆ ಮೇಲೆ ಒಂದ್ ತಿಂಗ್ಳು ತಾಳ ಹಾಕ್ಬೇಡಿ. ಆಗ್ಲೂ ಹೋಗ್ಲಿಲ್ಲ ಅಂದ್ರೆ ಬನ್ನಿ."

ಹೈಕೋರ್ಟಿನಲ್ಲಿ ಗೆದ್ದಷ್ಟು ಖುಷಿ ಹಂಸಳಿಗೆ. ಅಂದಿನಿಂದ ಕೇದಾರ್ ಮಾತ್ರೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕಾಯಿತು.

ಉತ್ಸವದ ದಿನ ಮುಂದಿನ ಸಾಲಿನ ಜಮಖಾನದ ಮೇಲೆ ಕೇದಾರ್ ಕೈಕಟ್ಟಿ ಕೂತರು. ಕಾವಲಿಗೆ ಬಲಗಡೆ ಹಂಸ. ಮೊದಲ ಕೀರ್ತನೆ ಹೇಗೋ ಕಳೆಯಿತು. ಎರಡನೆಯದಕ್ಕೆ ಮೃದಂಗ ಸೇರಿದ್ದೇ ತಡ, ಕಟ್ಟಿದ್ದ ಬಲಗೈ ಬಿಚ್ಚಿಕೊಂಡಿತು. ಗಾಳಿಯಲ್ಲಿ ಒಂದು ಕ್ಷಣ ತಡೆದು, ಡಾಕ್ಟರ ಮಾತನ್ನು ನೆನಪಿಸಿಕೊಂಡು, ಬಹಳ ವಿಧೇಯತೆಯಿಂದ ಹಂಸಳ ಎಡತೊಡೆಯ ಮೇಲೆ ಬಿತ್ತು.

ಹಂಸ ದುರುಗುಟ್ಟಿ ನೋಡಿದಳು. ಕೇದಾರ್ ಕಣ್ಣು ಮುಚ್ಚಿ ಬೇರೆ ಲೋಕಕ್ಕೆ ಹೋಗಿಯಾಗಿತ್ತು. ಕೈ ತಳ್ಳೋಣವೆಂದರೆ ಹಿಂದೆ ಗಂಡನ ಕಡೆಯ ನೆಂಟರೆಲ್ಲಾ ಕೂತಿದ್ದಾರೆ. ತಳ್ಳಿದರೂ ಅದು ಹೋಗಿ ಬೀಳುವುದು ಗಂಡನ ತೊಡೆಯ ಮೇಲೆಯೇ. ಮತ್ತೆ ಜೋಮು, ಮತ್ತೆ ಭೂತಗನ್ನಡಿ, ಮತ್ತೆ ಮಾತ್ರೆ ನಿಲ್ಲುವುದು. ಹಾಳಾಗಿ ಹೋಗಲಿ, ಮನುಷ್ಯ ಚೆನ್ನಾಗಿದ್ದರೆ ಸಾಕು ಎಂದು ಹಲ್ಲು ಕಚ್ಚಿ ಕೂತಳು. ರಾಗ, ತಾನ, ಪಲ್ಲವಿ, ತನಿ ಆವರ್ತನ ಎಲ್ಲವೂ ಅವಳ ಮೇಲೆಯೇ ಸಾಂಗವಾಗಿ ನಡೆದವು.

ಮಂಗಳವಾಯಿತು. ಎಲ್ಲರೂ ಎದ್ದರು, ಕೇದಾರರಂತೂ ಚಿಗರೆಯಂತೆ ಎದ್ದರು. ಹಂಸ ಎರಡೂ ಕೈ ನೆಲಕ್ಕೂರಿ ತಿಣುಕಿದರೂ ಎಡಗಾಲು ಅವಳದಲ್ಲವೆಂಬಂತೆ ಬಿದ್ದಿತ್ತು.

ಕೇದಾರ್ ಗಾಬರಿಯಿಂದ ಬಗ್ಗಿ, ನೆಂಟರಿಗೆಲ್ಲಾ ಕೇಳುವಂತೆ ಗದರಿದರು:

"ಜೋಮು ಹಿಡೀತಾ? ನನಗೆ ಹೇಳದೆ ಯಾವ ಮಾತ್ರೆ ಶುರು ಮಾಡಿದ್ಯೇ?"