ದೇವಯಾನಿ ಕಾಣಿಸ್ತಿಲ್ಲ

“ಆ ನಕ್ಷತ್ರದಿಂದ ಸ್ವಲ್ಪ ಮೇಲೆ ಅಂದ್ರಿ. ಸ್ವಲ್ಪ ಅಂದ್ರೆ ಎಷ್ಟು?” ಎಂದಳು ಹೆಂಡತಿ.

“ಕೈ ಚಾಚಿ ಹಿಡಿದ್ರೆ ಒಂದು ಮುಷ್ಟಿಯಷ್ಟು.”

“ನಿಮ್ಮ ಮುಷ್ಟಿನೋ, ನನ್ನದೋ?”

ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ, ಮಹಡಿಯ ಮೇಲೆ ನಿಲ್ಲಿಸಿದ್ದ ಕ್ಯಾಮೆರಾವನ್ನು ಕೂದಲೆಳೆಯಷ್ಟು ತಿರುಗಿಸಿ ಇನ್ನೊಂದು ಫೋಟೊ ತೆಗೆದ. ಮತ್ತದೇ ಕಿತ್ತಳೆ ಬಣ್ಣದ ಮಬ್ಬು. ಖಗೋಳ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ದೇವಯಾನಿ ಗ್ಯಾಲಕ್ಸಿಯ ಚಿತ್ರ ಹಾಕಿಯಾಗಿತ್ತು. ಹಲ್ಲಿನ ಡಾಕ್ಟರು ಹಾಕಿದ್ದರು, ಅವರ ಅತ್ತೆಯೂ ಹಾಕಿದ್ದರು. ಇವನೊಬ್ಬನೇ ಮೋಡದ ನೆಪ ಹೇಳುತ್ತ ಬಂದಿದ್ದ. ಇವತ್ತು ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು, ಸುಳ್ಳಿಗೂ ಜಾಗವಿರಲಿಲ್ಲ.

ತಪ್ಪೆಲ್ಲ ಎದುರುಮನೆ ದೀಪದ್ದೆಂದು ತೀರ್ಮಾನಿಸಿ ಅವನು ಮಹಡಿಯ ಅಂಚಿಗೆ ಬಂದ. ಕೆಳಗೆ ಆ ಮನೆಯ ನಿವೃತ್ತ ಮೇಷ್ಟ್ರು ಅಡ್ಡಾಡುತ್ತಿದ್ದರು.

“ಮೇಷ್ಟ್ರೇ, ನಿಮ್ಮ ಗೇಟಿನ ದೀಪ ಸ್ವಲ್ಪ ಆರಿಸ್ತೀರಾ? ದೇವಯಾನಿ ಕಾಣಿಸ್ತಿಲ್ಲ.”

ಮೇಷ್ಟ್ರು ಗಾಬರಿಯಿಂದ ತಲೆಯೆತ್ತಿದರು. “ಯಾವಾಗಿಂದ?”

“ಹೋದ ತಿಂಗಳಿಂದ ಹುಡುಕ್ತಾ ಇದ್ದೀನಿ.”

“ಅಯ್ಯೋ ಪಾಪ. ಪೊಲೀಸರಿಗೆ ಹೇಳಿದ್ರಾ? ವಯಸ್ಸೆಷ್ಟು?”

“ಸಾವಿರ ಕೋಟಿ ವರ್ಷ ಆಗಿರಬಹುದು.”

ಮೇಷ್ಟ್ರು ಅವನನ್ನು ಬಿಟ್ಟು, ಪಕ್ಕಕ್ಕೆ ಬಂದು ನಿಂತಿದ್ದ ಹೆಂಡತಿಯನ್ನು ಕನಿಕರದಿಂದ ಕೇಳಿದರು: “ಯಾವಾಗಿಂದಮ್ಮಾ ಇವರಿಗೆ ಹೀಗೆ?”

“ಕ್ಯಾಮೆರಾ ತಗೊಂಡಾಗಿಂದ.”

ಅದು ಹೆಣ್ಣಲ್ಲ, ಆಕಾಶದಲ್ಲಿರುವ ನಕ್ಷತ್ರಗಳ ರಾಶಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಗಂಡಹೆಂಡಿರಿಗೆ ಸಾಕುಸಾಕಾಯಿತು. ಮೇಷ್ಟ್ರು ದೀಪ ಆರಿಸಿ, ತಾವೂ ನೋಡಬೇಕೆಂದು ಮಹಡಿ ಹತ್ತಿ ಬಂದರು. ಕತ್ತಲಲ್ಲಿ ಒಂದೊಂದೇ ಫೋಟೊ ತೆಗೆಯುತ್ತ, ಕ್ಯಾಮೆರಾ ಸರಿಸುತ್ತ ಹೋದಂತೆ, ಪರದೆಯ ಮೂಲೆಯಲ್ಲಿ ಕೊನೆಗೂ ಒಂದು ಬೆಳ್ಳನೆಯ ಮಸುಕು ಕಲೆ ಮೂಡಿತು. ಅಂಗಡಿಯವನು ಅದನ್ನು ದೊಡ್ಡದು ಮಾಡಿ ತೋರಿಸಿದ.

ಮೇಷ್ಟ್ರು ಬಗ್ಗಿ ನೋಡಿದರು. “ಲೆನ್ಸ್ ಮೇಲೆ ಬೆರಳು ತಾಗಿದೆ ಅನ್ಸುತ್ತೆ.”

ಇಷ್ಟು ದಿನ ಗಂಡನನ್ನು ಆಡಿಕೊಂಡವಳು ಈಗ ತಟ್ಟನೆ ಅವನ ಪಕ್ಕಕ್ಕೆ ಸರಿದಳು. “ಬೆರಳಲ್ಲ ಮೇಷ್ಟ್ರೇ. ಆ ಬೆಳಕು ಅಲ್ಲಿಂದ ಹೊರಟಾಗ ನಮ್ಮಂಥ ಮನುಷ್ಯರೇ ಇರಲಿಲ್ಲ. ಅಷ್ಟು ದೂರದಿಂದ ಬಂದದ್ದನ್ನ ಇವರು ಹಿಡಿದಿದ್ದಾರೆ.”

ಮದುವೆಯಾದ ಮೇಲೆ ಅವಳು ಹೊರಗಿನವರೆದುರು ಅವನ ಪರ ವಹಿಸಿದ್ದು ಇದೇ ಮೊದಲು. ಅವನು ಎದೆಯುಬ್ಬಿಸಿ ಫೋಟೊವನ್ನು ಗುಂಪಿಗೆ ಕಳಿಸಿದ.

ಸಂಘದ ಅಧ್ಯಕ್ಷರ ಉತ್ತರ ಕೂಡಲೇ ಬಂತು. ಹೆಂಡತಿ ಓದಿ ಹೇಳಿದಳು: “ಇಷ್ಟು ಮಸುಕಾದದ್ದು ಇಂಟರ್ನೆಟ್‌ನಲ್ಲಿ ಎಲ್ಲಿ ಸಿಕ್ತು ನಿಮಗೆ? ನಾವೆಲ್ಲ ಇಳಿಸಿಕೊಳ್ಳೋ ಕಡೆ ಇದಕ್ಕಿಂತ ಒಳ್ಳೇದಿದೆ. ಲಿಂಕ್ ಕಳಿಸ್ಲಾ?”