ಕ್ರೀಡಾಕೂಟದ ಉಗ್ರಾಣದಲ್ಲಿ ಅಜ್ಜನ ಎಲೆ

ದರ್ಬೆಯಿಂದ ಸುಳ್ಯದವರೆಗೆ ಎಲ್ಲಿ ದೊಡ್ಡ ಕೂಟ ನಡೆದರೂ ನನ್ನ ಅಂಗಿಗೆ ‘ಸ್ವಯಂಸೇವಕ’ ಎಂಬ ರಿಬ್ಬನ್ ಚುಚ್ಚುವುದು ಎಪ್ಪತ್ತರ ದಶಕದಲ್ಲಿ ರೂಢಿಯಾಗಿಬಿಟ್ಟಿತ್ತು. ಚಪ್ಪರದೊಂದಿಗೆ ಹುಟ್ಟಿ ಚಪ್ಪರದೊಂದಿಗೆ ಮಾಯವಾಗುವ ಇಂಥ ಸಮಿತಿಗಳಲ್ಲಿ ವಿಚಿತ್ರ ನಡೆಯದಿದ್ದರೇ ವಿಚಿತ್ರ. ನಾನೋ ಮೊದಲೇ ಪುಕ್ಕಲ. ಪುತ್ತೂರಿನ ಒಂದು ಶಾಲಾ ಕ್ರೀಡಾಕೂಟದಲ್ಲಿ ನನ್ನ ಪಾಲಿಗೆ ಬಂದದ್ದು ಮೈದಾನದ ಮೂಲೆಯ ಪಾಳು ಕಟ್ಟಡದಲ್ಲಿದ್ದ ಉಗ್ರಾಣ.

ಬೀಗದೊಳಗಿನ ವಿಸಿಲ್

ಕೂಟದ ಹಿಂದಿನ ದಿನ ಬೆಳಿಗ್ಗೆ, ಬೀಗ ಹಾಕಿದ್ದ ಉಗ್ರಾಣದ ಒಳಗಿನಿಂದ ವಿಸಿಲ್ ಕೇಳಿಸಿತು. ಸಣ್ಣಗೆ, ನೆಲದಡಿಯಿಂದ ಯಾರೋ ಊದಿದ ಹಾಗೆ. ಬೆಂಚು ಹೊರುತ್ತಿದ್ದ ಹುಡುಗರು ಬೆಂಚು ಬಿಟ್ಟು ಓಡಿದರು. ಮತ್ತೆ ವಿಸಿಲ್. ಇನ್ನಷ್ಟು ದೂರ ಓಡಿದರು. ನಾನು ಓಡಲಿಲ್ಲ, ಕಾಲೇ ಬರಲಿಲ್ಲ. ಆಗ ಒಳಗಿನಿಂದ ನನ್ನ ಹೆಸರು ಹಿಡಿದು ಬೈಗುಳ ಬಂತು. ಪ್ರೇತಕ್ಕೆ ನನ್ನ ಮೇಲೆ ಅಷ್ಟು ಸಿಟ್ಟು ಇರಲಿಕ್ಕಿಲ್ಲ ಎನಿಸಿ ಹತ್ತಿರ ಹೋದೆ.

ನಮ್ಮ ಡ್ರಿಲ್ ಮಾಷ್ಟ್ರು ಒಳಗಿರುವಾಗಲೇ ಯಾರೋ ಬೀಗ ಒತ್ತಿ ಹೋಗಿದ್ದರು. ಬೀಗ ಹೊರಗೆ, ಕೀಲಿ ಮಾಷ್ಟ್ರ ಕಿಸೆಯಲ್ಲಿ. ಹಿಂಬಾಗಿಲಿಗೆ ಹೊರಗಿನಿಂದ ಹಾಕಿದ್ದ ತುಕ್ಕು ಹಿಡಿದ ಚಿಲಕ ಕಿತ್ತು ಅವರನ್ನು ಬಿಡಿಸಿದೆ.

“ಕರೆದರೆ ಓಡುದಾ ನೀವು?” ಎಂದು ಅವರು ಹುಡುಗರ ಮೇಲೆ ಹರಿಹಾಯ್ದರು.

ಒಬ್ಬ ಹೇಳಿದ, “ವಿಸಿಲ್ ಊದಿದ ಕೂಡಲೇ ಓಡಬೇಕು ಅಂತ ಕಲಿಸಿದ್ದು ನೀವೇ ಅಲ್ವಾ ಮಾಷ್ಟ್ರೆ?”

ಖಾಲಿ ಮೈದಾನದ ಉಸಿರು

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿ ಮೈದಾನ ಬಿಕೋ ಎನ್ನುತ್ತಿತ್ತು. ಕಂಬದ ಮೇಲಿನ ಧ್ವನಿವರ್ಧಕದಿಂದ ಉಸಿರು ಕೇಳತೊಡಗಿತು. ಎಳೆದು ಎಳೆದು ಬಿಡುವ, ಕೊನೆಗಾಲದವರ ಉಸಿರು. ಕಡಬದಿಂದ ಬಂದಿದ್ದ ಅಡುಗೆಯವರು ಸೌಟು ಕೆಳಗಿಟ್ಟರು.

“ಇದು ನಮ್ಮ ಅಜ್ಜನ ದಮ್ಮು. ಅವರು ತೀರಿ ಹೋಗಿ ಎಷ್ಟೋ ವರ್ಷ ಆಯ್ತು ಮಾರಾಯ್ರೆ.”

ವೇದಿಕೆಯ ಹಿಂದೆ ಇಣುಕಿದರೆ, ಮೈಕ್ ಸೆಟ್ಟಿನ ಬ್ಯಾರಿಯವರು ಎದೆಯ ಮೇಲೆ ಮೈಕ್ ಇಟ್ಟುಕೊಂಡು ಗಾಢ ನಿದ್ರೆಯಲ್ಲಿದ್ದರು. ಅಲುಗಾಡಿಸಿದೆ.

ಕಣ್ಣು ಬಿಡದೆಯೇ ಹೇಳಿದರು, “ಟೆಸ್ಟಿಂಗ್ ಮಾಡುದು.”

ಅಜ್ಜನ ಎಲೆ

ಅಡುಗೆಯವರಿಗೆ ಮಾತ್ರ ಸಮಾಧಾನ ಆಗಲಿಲ್ಲ. ದೊಡ್ಡ ಅಡುಗೆಗೆ ಮೊದಲು, ತೀರಿಹೋದ ಹಿರಿಯರಿಗೆ ಒಂದು ಎಲೆ ಬಡಿಸುವುದು ಅವರ ಮನೆಯ ಕ್ರಮ. ಈ ಸಲ ಮರೆತಿದ್ದರು. “ಅಜ್ಜ ಬಂದದ್ದು ಖಾತ್ರಿ ಆಗದೆ ನಾಳೆ ಒಲೆ ಹೊತ್ತಿಸುದಿಲ್ಲ” ಎಂದುಬಿಟ್ಟರು. ಸುಳ್ಯ, ಕಡಬದ ಮಕ್ಕಳೆಲ್ಲ ಬೆಳಗಿನ ಬಸ್ಸಿಗೆ ಬಂದಿಳಿಯುವವರು. ಅಷ್ಟು ಮಕ್ಕಳು ಹಸಿದು ಕೂತರೆ ಎಂದು ಹೆದರಿ ಎಲೆ ಬಡಿಸಲು ಒಪ್ಪಿದೆ.

ಮುಸ್ಸಂಜೆಗೆ ಉಗ್ರಾಣದಲ್ಲಿ ಎಲೆ ಹಾಕಿ ರೊಟ್ಟಿ, ಕೋಳಿ ಸಾರು ಬಡಿಸಿ, ಪಕ್ಕದಲ್ಲಿ ಕಳ್ಳು ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತೆವು. ಸ್ವಲ್ಪ ಹೊತ್ತು ಬಿಟ್ಟು ತೆರೆದು, ಹಾಗೇ ಇರುವ ಊಟವನ್ನು ಮನೆಯವರೇ ಉಣ್ಣುವುದು ಪದ್ಧತಿ. ತೆರೆದರೆ ಎಲೆಯಲ್ಲಿ ಮೂಳೆ ಮಾತ್ರ ಇತ್ತು. ಅಡುಗೆಯವರು ಕೈಮುಗಿದು ಅತ್ತರು.

ಮರುದಿನ ಬೆಳಿಗ್ಗೆ ಒಲೆ ಹೊತ್ತಿತು. ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ಕಾಫಿಗೆ ಬಂದವರು, “ನಿನ್ನೆ ಸಂಜೆ ಹಿಂಬಾಗಿಲಿಂದ ಬಂದು ಆ ಕೋಣೇಲಿ ಊಟ ಮಾಡಿದೆ. ಬಹಳ ಹಸಿವಾಗಿತ್ತು” ಎಂದರು. ಕಿತ್ತ ಚಿಲಕ ನೆನಪಾಗಿ ಅವರ ಕಾಲು ತುಳಿದೆ. ತಡವಾಗಿತ್ತು. ಅಡುಗೆಯವರು ಒಲೆಯಿಂದ ಕೊಳ್ಳಿ ಹೊರಗೆಳೆಯತೊಡಗಿದರು.

“ತಮ್ಮ ಎಲೆಯನ್ನೇ ನನ್ನ ಕಡೆ ಸರಿಸಿದ್ರಲ್ಲ, ಆ ತಾತ ಎಲ್ಲಿ?” ಎಂದರು ತೀರ್ಪುಗಾರರು.

ನಮ್ಮ ಅಡುಗೆ ಗುಂಪಿನಲ್ಲಿ ತಲೆ ನರೆತವರು ಒಬ್ಬರೂ ಇರಲಿಲ್ಲ. ನಾನು ಕಂಬ ಹಿಡಿದುಕೊಂಡೆ.

ಅಡುಗೆಯವರು ಮಾತ್ರ ನಂಬಲಿಲ್ಲ. “ನಮ್ಮಜ್ಜ ಎಲೆ ಬಿಟ್ಟುಕೊಡುದಾ? ಬದುಕಿದ್ದಾಗ ಯಾರಿಗೂ ಒಂದು ಲೋಟ ನೀರು ಕೊಟ್ಟ ಜನ ಅಲ್ಲ. ಎಂತಾದ್ರೂ ಹೇಳಿದ್ರಾ ಅವರು?”

“ಸಾರಿಗೆ ಉಪ್ಪೇ ಇಲ್ಲ, ನನ್ನ ಮೊಮ್ಮಗ ಇನ್ನೂ ಕಲಿತಿಲ್ಲ, ನೀನೇ ತಿನ್ನು ಅಂದ್ರು.”

“ಹಾಗಾದರೆ ಅಜ್ಜನೇ” ಎಂದು ಅಡುಗೆಯವರು ಕಣ್ಣೊರೆಸಿಕೊಂಡು ಕೊಳ್ಳಿಯನ್ನು ಮತ್ತೆ ಒಲೆಗೆ ತಳ್ಳಿದರು.

ಆ ಮಧ್ಯಾಹ್ನದ ಸಾಂಬಾರಿಗೆ ಉಪ್ಪು ಬಿದ್ದದ್ದು ಅಜ್ಜನ ನಾಲಗೆಯ ಲೆಕ್ಕದಲ್ಲಿ. ಊಟದ ನಂತರದ ರಿಲೇಯಲ್ಲಿ ಮಕ್ಕಳು ಕೋಲು ಬಿಸಾಡಿ ಬಾವಿಕಟ್ಟೆಗೆ ಓಡಿದರು. ಡ್ರಿಲ್ ಮಾಷ್ಟ್ರು ನಿಲ್ಲಿಸಲು ವಿಸಿಲ್ ಊದಿದರು. ಮಕ್ಕಳು ಇನ್ನೂ ಜೋರಾಗಿ ಓಡಿದರು.