ಮುಖಭಾವಗಳ ಸುಸ್ಥಿತಿ ಹಾಗೂ ಶೇಖರಿತ ಭಾವನೆಗಳ ಸರದಿ ಬಿಡುಗಡೆ ಕುರಿತು

ಜಿಲ್ಲಾ ಕಚೇರಿ, ಚಿತ್ರದುರ್ಗ
(ಇಲಾಖೆಯ ಹೆಸರಿನ ಮೇಲೆಯೇ ಮೊಹರು ಬಿದ್ದಿದ್ದು, ಸಂಬಂಧಪಟ್ಟವರು ಊಹಿಸಿಕೊಳ್ಳತಕ್ಕದ್ದು)

ಸಂಖ್ಯೆ: ಮುಭಾ/ಶೇಭಾ/ಸಿಬ್ಬಂದಿ/17/2025-26
ದಿನಾಂಕ: 12-06-2025

ಸುತ್ತೋಲೆ

ವಿಷಯ: ಕಚೇರಿ ವೇಳೆಯಲ್ಲಿ ಮುಖವನ್ನು ಸುಸ್ಥಿತಿಯಲ್ಲಿಡುವ ಹಾಗೂ ಒಳಗೆ ಶೇಖರಣೆಯಾಗಿರುವ ಭಾವನೆಗಳನ್ನು ಶಿಸ್ತಿನಿಂದ ಹೊರಬಿಡುವ ಬಗ್ಗೆ.

ಉಲ್ಲೇಖ:
1. ಮೂರನೇ ಕಿಟಕಿಯ ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಮಹಾದೇವಮ್ಮ ಅವರ ಹೇಳಿಕೆ (ನಾಲ್ಕು ಪುಟ, ಎರಡನೇ ಪುಟ ಒದ್ದೆ).
2. ಹಿರಿಯೂರು ತಾಲ್ಲೂಕು ಯಲ್ಲದಕೆರೆಯ ಕುರಿಗಾಹಿ ಶ್ರೀ ಗೊಲ್ಲಪ್ಪ ಅವರ ಮೌಖಿಕ ಮನವಿ.
3. ಮುಖಪರಿಶೀಲನಾ ಯಂತ್ರವು ಸದರಿಯವರ ಮೂರು ಭೇಟಿಗಳಲ್ಲಿ ನೀಡಿದ ಒಟ್ಟು ಹದಿನಾಲ್ಕು ತಿರಸ್ಕಾರ ಚೀಟಿಗಳು.
4. ಕಚೇರಿಯ ಏಕೈಕ ಟವೆಲ್ಲಿನ ಸ್ಥಿತಿಗತಿ ವರದಿ.

ಪ್ರಸ್ತಾವನೆ:

ಸಂಚಾರಿ ಕುರಿಗಾಹಿಗಳ ಗುರುತಿನ ಚೀಟಿಯನ್ನು ನವೀಕರಿಸಬೇಕಾದರೆ ಅರ್ಜಿದಾರರ ಮುಖವು ಹಳೆಯ ಚೀಟಿಯ ಫೋಟೊಗೆ ಹೊಂದಬೇಕೆಂಬುದು ನಿಯಮ. ಈ ಚೀಟಿ ಇಲ್ಲದೆ ಮಂದೆಯನ್ನು ತಾಲ್ಲೂಕಿನ ಗಡಿ ದಾಟಿಸುವಂತಿಲ್ಲ. ಶ್ರೀ ಗೊಲ್ಲಪ್ಪ ಅವರ ಚೀಟಿಯ ಅವಧಿ ಇದೇ 15ಕ್ಕೆ ಮುಗಿಯುವುದಿದ್ದು, ಮಂದೆ ಹೊರಡಲು ಸಿದ್ಧವಾಗಿ ನಿಂತಿತ್ತು. ಇಡೀ ಜಿಲ್ಲೆಗೆ ಯಂತ್ರ ಒಂದೇ ಇರುವುದರಿಂದ ಸದರಿಯವರು ಹಿರಿಯೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಒಟ್ಟು ಮೂರು ಬಾರಿ ಈ ಕಚೇರಿಗೆ ಹಾಜರಾಗಿರುತ್ತಾರೆ. ಮೂರು ಬಾರಿಯೂ ಯಂತ್ರವು 'ಮುಖ ಹೊಂದುತ್ತಿಲ್ಲ' ಎಂದಿರುತ್ತದೆ. ಪರಿಶೀಲಿಸಲಾಗಿ, ಆರು ವರ್ಷದ ಹಿಂದಿನ ಫೋಟೊದಲ್ಲಿ ಅವರು ಬಾಯಿ ತುಂಬ ನಗುತ್ತಿರುವುದು ಹಾಗೂ ಈಗ ನಗದಿರುವುದು ಕಂಡುಬಂದಿದೆ.

ದಿನಾಂಕ 09-06-2025ರ ಸೋಮವಾರ, ಮೂರನೇ ಭೇಟಿಯಲ್ಲಿ, ಅವರನ್ನು ನಗಿಸಲು ಸಿಬ್ಬಂದಿ ಸಕಲ ಪ್ರಯತ್ನ ಮಾಡಿದ್ದಾರೆ. ದ್ವಿತೀಯ ದರ್ಜೆ ಸಹಾಯಕ ಶ್ರೀ ಕೊಟ್ರೇಶ್ ಅವರು ಕಿಟಕಿಯಾಚೆ ಬಂದು ಕುರಿಯಂತೆ ಕೂಗಿರುತ್ತಾರೆ. ಅದು ಹೊಟ್ಟೆನೋವು ಬಂದ ಕುರಿಯ ಕೂಗು ಎಂದು ಶ್ರೀ ಗೊಲ್ಲಪ್ಪ ತಿದ್ದಿದರೇ ಹೊರತು ನಗಲಿಲ್ಲ. ಕೊನೆಗೆ ಶ್ರೀಮತಿ ಮಹಾದೇವಮ್ಮ ಅವರು, ಹಿಂದೆ ಹೇಗೆ ನಕ್ಕಿದ್ದಿರೋ ಹಾಗೆಯೇ ನಗಿ ಎಂದು, ಕಂಪ್ಯೂಟರಿನ ಪರದೆಯನ್ನು ತಿರುಗಿಸಿ ಹಳೆಯ ಫೋಟೊ ತೋರಿಸಿದ್ದಾರೆ. ಇದು ಯಾವ ನಿಯಮದಲ್ಲಿಯೂ ಇಲ್ಲ. ಫೋಟೊವನ್ನು ಬಹಳ ಹೊತ್ತು ನೋಡಿದ ಮೇಲೆ ಶ್ರೀ ಗೊಲ್ಲಪ್ಪ ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ನಮ್ಮ ನಾಗಕ್ಕ ಕ್ಯಾಮ್ರದ ಹಿಂದೆ ನಿಂತಿದ್ಲು ಕಣಮ್ಮ. ಕುರಿ ಕಳ್ಕಂಡೋನಂಗೆ ನಿಂತವ್ನೆ ನೋಡ್ರಿ ಅಂತ ಫೋಟೊದೋರಿಗೆ ಅಂದ್ಲು. ಅದಕ್ಕೆ ನಗು ಬಂತು. ಈಗ ಅಲ್ಲಿ ಯಾರವ್ರೆ ನಗಾಕೆ?"

ನಾಗಕ್ಕ ಎಂಬುವರು ಸದರಿಯವರ ಪತ್ನಿಯಾಗಿದ್ದು, ಕಳೆದ ಮಾಘದಲ್ಲಿ ತೀರಿಕೊಂಡಿರುತ್ತಾರೆ. ಅರ್ಜಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಮೂರು ಭೇಟಿಗಳಲ್ಲಿಯೂ ಮುಖ ಹೊಂದದಿದ್ದಲ್ಲಿ ಹಳೆಯ ಫೋಟೊ ಅಳಿಸಿ ಹೊಸದನ್ನು ತೆಗೆಯತಕ್ಕದ್ದು ಎಂಬ, ಗುರುತಿನ ಚೀಟಿ ನಿಯಮಾವಳಿಯ ನಿಯಮ 11ನ್ನು ಆಗ ಓದಿ ಹೇಳಲಾಯಿತು. ಅದಕ್ಕೆ ಅವರು, "ಚೀಟಿ ಹೋದ್ರೆ ಹೋಗ್ಲಿ ಬಿಡ್ರಮ್ಮ, ಆ ಫೋಟ ಅಳಿಸ್‌ಬ್ಯಾಡ್ರಿ. ಅವಳು ನೋಡಿದ ಮುಖ ಅದೊಂದೇ ಉಳ್ದೈತೆ" ಎಂದು ಹೇಳಿ, ಕಂಬಳಿಯ ತುದಿಯನ್ನು ಮುಖಕ್ಕೆ ಒತ್ತಿಕೊಂಡಿರುತ್ತಾರೆ. ತತ್ಪರಿಣಾಮವಾಗಿ ಬೆಳಿಗ್ಗೆ 11.40ರಿಂದ 12.25ರವರೆಗೆ ಏಳು ಮಂದಿ ಸಿಬ್ಬಂದಿ ಪೂರ್ವಾನುಮತಿ ಇಲ್ಲದೆ ಅತ್ತಿರುತ್ತಾರೆ. ಆರು ಮಂದಿಯಿಂದ ವಿವರಣೆ ಪಡೆಯಲಾಗಿದೆ. ಏಳನೆಯವರು ಗದ್ದಲ ನಿಲ್ಲಿಸಲೆಂದು ತಮ್ಮ ಕೊಠಡಿಯಿಂದ ಹೊರಬಂದವರಾಗಿದ್ದು, ಆಡಳಿತಾತ್ಮಕ ಕಾರಣಗಳಿಂದ ಅವರ ಹೆಸರನ್ನು ನಮೂದಿಸಿರುವುದಿಲ್ಲ.

ಇಂತಹ ಘಟನೆ ಮರುಕಳಿಸದಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. ಕಿಟಕಿ ತೆರೆದ ಕ್ಷಣದಿಂದ ಮುಚ್ಚುವವರೆಗೆ ಎಲ್ಲಾ ನೌಕರರು ಮುಖವನ್ನು 'ಸಾಮಾನ್ಯ ಸ್ಥಿತಿ'ಯಲ್ಲಿ ಇಟ್ಟುಕೊಳ್ಳತಕ್ಕದ್ದು. ಸಾಮಾನ್ಯ ಸ್ಥಿತಿ ಎಂದರೇನು ಎಂದು, ಈ ಸುತ್ತೋಲೆಯ ಕರಡನ್ನು ಓದಿದ ಹೊಳಲ್ಕೆರೆ ಕಚೇರಿಯವರು ಸ್ಪಷ್ಟೀಕರಣ ಕೇಳಿರುವುದರಿಂದ, ದಾಖಲೆ ಕೊಠಡಿಯ ಸಹಾಯಕ ಶ್ರೀ ಜುಂಜಯ್ಯ ಅವರ ಫೋಟೊವನ್ನು ಮಾದರಿಯಾಗಿ ಲಗತ್ತಿಸಿದೆ. ಇಪ್ಪತ್ತೊಂಬತ್ತು ವರ್ಷಗಳ ಸೇವೆಯಲ್ಲಿ, ಎರಡು ಬಡ್ತಿ ಹಾಗೂ ಒಂದು ಚೇಳಿನ ಕಡಿತದ ಸಂದರ್ಭದಲ್ಲಿಯೂ ಸದರಿಯವರ ಮುಖ ಬದಲಾಗಿರುವುದಿಲ್ಲ. ಇದಕ್ಕಾಗಿ ಪ್ರಶಂಸಾ ಪತ್ರ ನೀಡಿದಾಗಲೂ ಬದಲಾಗಲಿಲ್ಲ.

2. ಸಾರ್ವಜನಿಕರನ್ನು ನೋಡಿ ನಗಬಹುದು. ಆದರೆ ನಕ್ಕ ಮಾತ್ರಕ್ಕೆ ಅರ್ಜಿ ಮಂಜೂರಾಗಿದೆ ಎಂದು ಭಾವಿಸತಕ್ಕದ್ದಲ್ಲ ಎಂಬ ಫಲಕವನ್ನು ನಗುವವರ ಪಕ್ಕದಲ್ಲಿಯೇ ಇಡತಕ್ಕದ್ದು.

3. ಮೇಲಧಿಕಾರಿಗಳ ಹಾಸ್ಯಕ್ಕೆ ನಗುವುದನ್ನು ಕರ್ತವ್ಯದ ಅವಧಿ ಎಂದೇ ಪರಿಗಣಿಸಲಾಗುವುದು. ಹಾಸ್ಯ ಮುಗಿದು ಅರ್ಧ ನಿಮಿಷವಾದ ಮೇಲೆ ಬರುವ ನಗುವಿಗೆ ವಿಳಂಬದ ಕಾರಣ ಕೊಡಬೇಕು. ಹಾಸ್ಯ ಮುಗಿಯುವ ಮೊದಲೇ ನಗುವವರ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

4. ಸಾರ್ವಜನಿಕರ ಮೇಲೆ ಸಿಟ್ಟು ತೋರಿಸುವಂತಿಲ್ಲ. ಮೇಲಧಿಕಾರಿಗಳ ಮೇಲಿನ ಸಿಟ್ಟನ್ನು, ಸಾಂದರ್ಭಿಕ ರಜೆ ಹಾಕಿ, ಮನೆಯಲ್ಲಿ ತೋರಿಸಬಹುದು. ಸರ್ವರ್ ಮೇಲೆ ಎಷ್ಟು ಬೇಕಾದರೂ ತೋರಿಸಬಹುದು, ಅದಕ್ಕೆ ಮುಖವಿಲ್ಲ.

5. ಆಕಳಿಕೆಯನ್ನೂ ಭಾವನೆಯೆಂದು ಪರಿಗಣಿಸಬೇಕೆಂಬ ಶ್ರೀ ಕೊಟ್ರೇಶ್ ಅವರ ಮನವಿಯನ್ನು ತಿರಸ್ಕರಿಸಲಾಗಿದೆ.

6. ಹಲವು ವರ್ಷಗಳಿಂದ ಒಳಗೇ ಶೇಖರಣೆಯಾಗಿರುವ ಭಾವನೆಗಳು ಏಕಕಾಲಕ್ಕೆ ಕೋಡಿ ಬೀಳುವುದನ್ನು ತಪ್ಪಿಸಲು, ಕಾಲುವೆಗೆ ನೀರು ಬಿಡುವ ಮಾದರಿಯಲ್ಲಿ ಸರದಿ ನಿಗದಿಪಡಿಸಲಾಗಿದೆ. ಹಿರಿಯೂರು ಸೋಮವಾರ, ಹೊಸದುರ್ಗ ಮಂಗಳವಾರ, ಹೊಳಲ್ಕೆರೆ ಬುಧವಾರ, ಚಿತ್ರದುರ್ಗ ಗುರುವಾರ, ಸಂಜೆ 4.30ರಿಂದ 4.45ರವರೆಗೆ, ಆಯಾ ದಾಖಲೆ ಕೊಠಡಿಗಳಲ್ಲಿ. ನಿಗದಿತ ವೇಳೆಗೆ ಅಳು ಬಾರದಿದ್ದಲ್ಲಿ ಆ ಸರದಿಯನ್ನು ಕಳೆದುಕೊಂಡಂತೆ. ಮೇಲಿನವರೇ ಎಲ್ಲವನ್ನೂ ಅತ್ತು ಮುಗಿಸುತ್ತಾರೆ, ಕೊನೆಯವರಿಗೆ ಟವೆಲ್ ಸಿಗುವುದಿಲ್ಲ ಎಂಬ ದೂರುಗಳನ್ನು ಲಿಖಿತವಾಗಿ ಕೊಡತಕ್ಕದ್ದು.

7. ದಾಖಲೆ ಕೊಠಡಿಯಲ್ಲಿ ಧೂಳು ಹೆಚ್ಚಿದ್ದು, ಯಾರು ಧೂಳಿಗೆ ಅಳುತ್ತಿದ್ದಾರೆ, ಯಾರು ನಿಜಕ್ಕೂ ಅಳುತ್ತಿದ್ದಾರೆ ಎಂಬುದನ್ನು ಶ್ರೀ ಜುಂಜಯ್ಯ ಅವರು ಪರಿಶೀಲಿಸಿ ಪ್ರಮಾಣಪತ್ರ ನೀಡುವರು.

8. ಬದಲಾಗಿ ಚಂದ್ರವಳ್ಳಿಯ ಗುಹೆಗಳಲ್ಲಿ ಒಟ್ಟಾಗಿ ಅಳಲು ಅವಕಾಶ ಕೋರಿ ನೌಕರರ ಸಂಘವು ಮನವಿ ಸಲ್ಲಿಸಿದೆ. ಗುಹೆಯ ಪ್ರತಿಧ್ವನಿಯಿಂದಾಗಿ ಒಬ್ಬರ ದುಃಖ ಇಬ್ಬರ ಹೆಸರಿನಲ್ಲಿ ದಾಖಲಾಗುವ ಸಂಭವವಿರುವುದರಿಂದ ಇದನ್ನು ಒಪ್ಪಲು ಸಾಧ್ಯವಾಗಿರುವುದಿಲ್ಲ.

9. ಅಳುವವರು ಮೂರು ದಿನ ಮುಂಚಿತವಾಗಿ, ಎರಡು ಪ್ರತಿಗಳಲ್ಲಿ, ಕಾರಣ ಸಹಿತ ಅರ್ಜಿ ಸಲ್ಲಿಸತಕ್ಕದ್ದು. ಹಠಾತ್ ದುಃಖಗಳಿಗೆ ಘಟನೋತ್ತರ ಮಂಜೂರಾತಿ ಪಡೆಯಬಹುದು. ಮಂಜೂರಾತಿ ಕೈಸೇರುವ ಹೊತ್ತಿಗೆ ದುಃಖ ತೀರಿದ್ದಲ್ಲಿ ಅದನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ.

10. ಕಡತಗಳನ್ನು ಕಣ್ಣಿನಿಂದ ಒಂದು ಮೊಳ ದೂರದಲ್ಲಿ ಇಡತಕ್ಕದ್ದು. ಹಸಿರು ಶಾಯಿ ಬೇಗ ಹರಡುತ್ತದೆ ಎಂಬುದು ಏಳನೆಯವರ ಅನುಭವಕ್ಕೆ ಬಂದಿದೆ.

11. ಶ್ರೀ ಗೊಲ್ಲಪ್ಪ ಅವರ ಪ್ರಕರಣದ ಬಗ್ಗೆ:

ಮುಖ ಹೊಂದದಿದ್ದಲ್ಲಿ ಯಂತ್ರದ ಮಾತೇ ಅಂತಿಮ ಎಂದು ನಿಯಮ ಹೇಳುತ್ತದೆ. ಆದರೆ ಯಂತ್ರ ಕೆಟ್ಟಿರುವಾಗ ಅಧಿಕಾರಿಯೇ ಕಣ್ಣಾರೆ ಕಂಡು ದೃಢೀಕರಿಸಬಹುದು ಎಂದೂ ಅದೇ ನಿಯಮದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಸೋಮವಾರ ಮಧ್ಯಾಹ್ನ 12.26ಕ್ಕೆ ಯಂತ್ರದ ವೈರು ಗೋಡೆಯಿಂದ ಕಳಚಿಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಶ್ರೀಮತಿ ಮಹಾದೇವಮ್ಮ ಅವರು ಗೋಡೆಯ ಬಳಿ ಏಕೆ ಇದ್ದರು ಎಂಬ ಬಗ್ಗೆ ವಿಚಾರಣೆ ಅಗತ್ಯವಿಲ್ಲವೆಂದು ತೀರ್ಮಾನಿಸಲಾಗಿದೆ.

ಅದರಂತೆ, ಕೆಳಗೆ ಸಹಿ ಮಾಡಿರುವ ನಾನು ಅರ್ಜಿದಾರರನ್ನು ಎದುರಿಗೆ ಕೂರಿಸಿಕೊಂಡು, ಹಳೆಯ ಫೋಟೊವನ್ನೂ ಅವರ ಮುಖವನ್ನೂ ನೋಡಿ, ಎರಡೂ ಒಬ್ಬರದೇ ಮುಖವೆಂದು, ವ್ಯತ್ಯಾಸವಿರುವುದು ಮುಖದಲ್ಲಲ್ಲ, ಎದುರಿಗೆ ನಿಂತವರಲ್ಲಿ ಎಂದು ಈ ಮೂಲಕ ದೃಢೀಕರಿಸಿದ್ದೇನೆ. ಹಳೆಯ ಫೋಟೊವನ್ನು ಅಳಿಸತಕ್ಕದ್ದಲ್ಲ. ಅದೇ ಫೋಟೊ ಇರುವ ಹೊಸ ಚೀಟಿಯನ್ನು ನೀಡತಕ್ಕದ್ದು.

ಸಹಿ/-
(ಮರುಳಸಿದ್ದಪ್ಪ)
ಸಹಾಯಕ ನಿರ್ದೇಶಕರು
(ಸಹಿ ಮಾಡುವಾಗ ಮುಖ ಸಾಮಾನ್ಯ ಸ್ಥಿತಿಯಲ್ಲಿತ್ತು)

ಪ್ರತಿಗಳು:
1. ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕು ಕಚೇರಿಗಳಿಗೆ, ಮಾದರಿ ಮುಖದೊಂದಿಗೆ.
2. ಶ್ರೀ ಜುಂಜಯ್ಯ ಅವರಿಗೆ, ಮಾಹಿತಿಗಾಗಿ. ಅವರು ಏನನ್ನೂ ಬದಲಾಯಿಸಬೇಕಿಲ್ಲ.
3. ಶ್ರೀ ಕೊಟ್ರೇಶ್ ಅವರಿಗೆ, ಆರೋಗ್ಯವಂತ ಕುರಿಯ ಕೂಗನ್ನು ಕಲಿಯುವ ಸೂಚನೆಯೊಂದಿಗೆ.
4. ಉಗ್ರಾಣಕ್ಕೆ, ಎರಡನೇ ಟವೆಲ್ ಖರೀದಿ ಪ್ರಸ್ತಾವನೆ ಸಿದ್ಧಪಡಿಸಲು.
5. ಯಂತ್ರದ ನಿರ್ವಾಹಕರಿಗೆ, ವೈರನ್ನು ಶ್ರೀ ಗೊಲ್ಲಪ್ಪ ಬಸ್ಸು ಹತ್ತಿದ ನಂತರವೇ ಮತ್ತೆ ಸಿಕ್ಕಿಸಿದ್ದು ಸರಿಯೆಂದು ತಿಳಿಸುತ್ತಾ.
6. ಶ್ರೀ ಗೊಲ್ಲಪ್ಪ, ಯಲ್ಲದಕೆರೆ, ಇವರಿಗೆ, ಹೊಸ ಚೀಟಿಯೊಂದಿಗೆ, ಮುದ್ದಾಂ ಸಿಬ್ಬಂದಿಯ ಕೈಯಲ್ಲಿಯೇ. ಮಂದೆ ಹೊರಟಿದ್ದಲ್ಲಿ ದಾರಿಯಲ್ಲಿ ಎಲ್ಲಿ ಸಿಗುತ್ತಾರೋ ಅಲ್ಲಿಯೇ ತಲುಪಿಸುವುದು. ಸ್ವೀಕೃತಿಗೆ ಹೆಬ್ಬೆಟ್ಟು ಸಾಕು, ನಗಲು ಹೇಳತಕ್ಕದ್ದಲ್ಲ.